ಟಿಕೇಟಿನ ಹಿಂದ

ನೋಟಿನ ಕಟ್ಟು ಕೊಟ್ಟು, ಎಣಸ್ರಿ ಅಂದರು.
ಎಣಿಸಿದೆ. ತೊಂಬತ್ತೊಂಬತ್ತು, ಒಂದು ಕಮ್ಮಿ ಐತ್ರಿ ಅಂದೆ.
ಮಷೀನಿಗೆ ಹಾಕಿದರು. ಅದೂ ಹಂಗ ಅಂತು.
ಐದನೂರರ ಐದು ನೋಟು ಹರವಿ
ಇದರಾಗ ಖೊಟ್ಟಿ ಯಾವುದು ಅಂದರು.
ಕಣ್ಣು ಮುಚ್ಚಿ ಸವರಿ ತೋರಿಸಿದೆ: ಮೂರನೇದು.

ಹೆಂಗ ಗೊತ್ತಾತು?
ಮೇಡಂ, ಹನ್ನೆರಡು ವರ್ಷ ಬೆಟಗೇರಿ ಪ್ರೆಸ್ಸಿನಾಗ
ಕಾಗದ ಮಡಚಿದ ಬೆರಳಿವು.
ಅಂಚು ತಾಕಿದರ ಸಾಕು, ತೂಕ ಹೇಳತಾವ.

ಅರ್ಜಿ ಮ್ಯಾಲಿನ ಹೆಸರು ಓದಿ ನಕ್ಕರು.
ಮೌನೇಶ ಪತ್ತಾರ. ಪತ್ತಾರ ಅಂದ್ರ ಬಂಗಾರ ಗೊತ್ತಿರಬೇಕಲ್ಲ?
ನಮ್ಮಜ್ಜಗ ಗೊತ್ತಿತ್ರಿ. ನನಗ ಕಾಗದ ಗೊತ್ತು.

ಅಲ್ಲೀತನಕ ಎಲ್ಲಾ ಚಲೋ ಇತ್ತು.
ದೇಶಪಾಂಡೆ ನಗರದಾಗ ಮೂರನೇ ಮಾಳಿಗಿ,
ಬಂಗಾರದ ಮ್ಯಾಲೆ ಸಾಲ ಕೊಡೋ ಆಫೀಸು,
ಗಾಜಿನ ಹಿಂದ ಒಂದು ಖಾಲಿ ಖುರ್ಚಿ.
ಅದರಾಗ ನಾ ಆಗಲೇ ಕೂತುಬಿಟ್ಟಿದ್ದೆ,
ಟಿಫಿನ್ ಡಬ್ಬಿ ಕಾಲಬುಡಕ ಇಟ್ಟುಕೊಂಡು.

ಆಮೇಲೆ ಪಾನ್ ನಂಬರು ಒತ್ತಿದರು.
ಕಂಪ್ಯೂಟರಿನ ಬೆಳಕು ಅವರ ಕನ್ನಡಕದಾಗ ಬಿತ್ತು,
ಅದರೊಳಗ ಉಲ್ಟಾ ಕಾಣೋ ಮೂರು ಅಂಕಿ.
ಅಚ್ಚಿನ ಮೊಳೆ ಉಲ್ಟಾ ಓದಿ ಬೆಳೆದವನು ನಾ,
ಅವರು ಹೇಳೂದಕ್ಕ ಮೊದಲೇ ಓದಿಕೊಂಡೆ:
ಐದನೂರಾ ನಲವತ್ತಾರು.

ರೊಕ್ಕ ಮುಟ್ಟೋರಿಗೆ ಏಳನೂರು ಬೇಕ್ರಿ, ಕಂಪನಿ ರೂಲು,
ಅಂದಾಗ ಮೇಡಂ ದನಿ ಸಣ್ಣ ಆತು.
ಮೇಜಿನ ಮ್ಯಾಲಿದ್ದ ಖೊಟ್ಟಿ ನೋಟನ್ನ
ಅವರು ಲಕೋಟೆಯೊಳಗ ಹಾಕಿದರು.

ಲಾಕ್‌ಡೌನಿನಾಗ ಲಗ್ನ ನಿಂತವು, ಲಗ್ನಪತ್ರಿಕೆ ನಿಂತವು,
ಪ್ರೆಸ್ಸಿನ ಹಂಪಣ್ಣ ಕೀಲಿ ಜಡಿದ.
ಸ್ಕೂಟಿಯ ನಾಲ್ಕು ಕಂತು ತಪ್ಪಿದವು.
ಫೈನಾನ್ಸಿನ ಹುಡುಗ ಮನಿಗೆ ಬಂದು, ನೀರು ಕುಡಿದು,
ಸೆಟಲ್ ಮಾಡ್ಕೊಂಬಿಡ್ರಿ ಅಣ್ಣಾ, ಕಡಿಮಿ ಆಗತೈತಿ ಅಂದ.
ದಾಕ್ಷಾಯಣಿ ಕಿವಿದೂ ಬಿಚ್ಚಿಕೊಟ್ಟಳು.
ಮುಗೀತು ಅಂತ ನಾ ತಿಳಿದೆ.
ಅವರ ಭಾಷಾದಾಗ ಸೆಟಲ್ ಅಂದ್ರ
ಪೂರಾ ಕೊಟ್ಟಿಲ್ಲ ಅಂತ ಅರ್ಥ,
ಏಳು ವರ್ಷ ಹಂಗ ಇರತೈತಂತ.

ಕೊಟ್ರಪ್ಪನ ಕಿರಾಣಿ ಅಂಗಡ್ಯಾಗ ಒಂದು ಕೆಂಪು ಖಾತೆಬುಕ್ಕು,
ನಾನೇ ಹೊಲಿದು ಕೊಟ್ಟದ್ದು.
ಜೋಳ, ಎಣ್ಣಿ, ಸಬಕಾರ, ಎಲ್ಲಾ ಅದರಾಗ ಅದಾವ.
ರೊಕ್ಕ ಕೊಟ್ಟ ದಿವಸ ಎಂಥಾ ಗೆರಿ ಹೊಡೀತಾನಂದ್ರ
ಹಿಂದಿನ ಹಾಳಿಗೂ ಮೂಡತೈತಿ.
ಅವನನ್ನ ಕೇಳಬಹುದಿತ್ತಲ್ಲರಿ
ಅನ್ನಬೇಕಂದೆ. ಅನ್ನಲಿಲ್ಲ.
ಫೈಲು ಎರಡೂ ಕೈಲೆ ಇಸಗೊಂಡೆ.
ಪಗಾರ ಇರಲಿಲ್ಲ, ಕಂತು ತಪ್ಪಿತು,
ಕಂತು ತಪ್ಪಿತು, ಪಗಾರ ಇಲ್ಲ.
ಲಿಫ್ಟಿನಾಗ ಇದನ್ನ ಎರಡು ಸಲ ಹೇಳಿಕೊಂಡೆ,
ಹಾಡಿನಂಗ ಕೇಳಿಸ್ತು, ನಗು ಬಂತು, ಕೆಳಗ ಬಂದೆ.

ಗದಗಿನ ಬಸ್ಸಿನಾಗ ನೂರರ ನೋಟು ಕೊಟ್ಟೆ.
ಚಿಲ್ಲರಿ ಇಲ್ರಿ, ಇಳಿಯಾಗ ಇಸಗೊಳ್ರಿ ಅಂತ
ಕಂಡಕ್ಟರ್ ಟಿಕೇಟಿನ ಹಿಂದ ಹನ್ನೆರಡು ಅಂತ ಗೀಚಿದ.
ಅವನ ಸ್ಕೋರು ಎಷ್ಟು, ನಾ ಕೇಳಲಿಲ್ಲ.
ಅಣ್ಣಿಗೇರಿ ದಾಟಿದ ಮ್ಯಾಲೆ ನಿದ್ದಿ ಹತ್ತಿತು,
ಮುಳಗುಂದ ನಾಕಾದಾಗ ಗಡಬಡಿಸಿ ಎದ್ದು ಇಳಿದೆ.
ಬಸ್ಸು ಹೋತು, ನನ್ನ ಹನ್ನೆರಡು ರೂಪಾಯಿ ತಗೊಂಡು.

ಎರಡು ತಿಂಗಳ ಮ್ಯಾಲೆ
ಇಂಟರ್‌ವ್ಯೂ ಅಂಗಿ ಒಗಿಯಾಕ ಹಾಕುವಾಗ
ಕಿಸೇದಾಗ ಆ ಚೀಟಿ ಸಿಕ್ಕಿತು ದಾಕ್ಷಾಯಣಿಗೆ.
ಮಷೀನಿನ ಟಿಕೇಟು, ಬಿಸಿಗೆ ಮೂಡೋ ಅಕ್ಷರ,
ಆ ಜಾತಿ ಕಾಗದ ನಿಲ್ಲಂಗಿಲ್ಲ, ನನಗ ಗೊತ್ತು:
ಊರು ಅಳಿಸಿತ್ತು, ತಾರೀಖು ಅಳಿಸಿತ್ತು.
ಹಿಂದ ಮಾತ್ರ, ನೀಲಿ ಪೆನ್ನಿನಾಗ, ಡೊಂಕ ಹನ್ನೆರಡು.

ಇದು ಯಾರು ಯಾರಿಗೆ ಕೊಡೋದು? ಅಂದಳು.
ಸರಕಾರ ನನಗ, ಅಂದೆ.
ಹೌದಾ, ಅಂತ ಅದನ್ನ ಒಣಗಿಸಿ
ಗ್ಯಾಸ್ ಪುಸ್ತಕದಾಗ ಇಟ್ಟಳು.